ಜಾಮೀನಿಗೆ ಯಾರ ಪಹಣಿ?

"ಕಾನೂನು ತನ್ನ ಕೆಲಸ ತಾನು ಮಾಡುತ್ತದೆ."

ರಾಜಕಾರಣಿಯ ಬಾಯಲ್ಲಿ ಈ ಮಾತು ಬಂತು ಅಂದರೆ ಅವರ ಕಡೆಯವನೊಬ್ಬ ಎಲ್ಲೋ ಸಿಕ್ಕಿಹಾಕಿಕೊಂಡಿದ್ದಾನೆ, ಇವರು ಅವನ ಕೈಬಿಟ್ಟಾಗಿದೆ ಅಂತಲೇ ತಿಳಿಯಬೇಕು. ಎದುರು ಪಕ್ಷದವನು ಸಿಕ್ಕಿಬಿದ್ದಾಗ ಯಾರೂ ಇಷ್ಟು ತಣ್ಣಗೆ ಮಾತಾಡುವುದಿಲ್ಲ. ಆಗ ಪತ್ರಿಕಾಗೋಷ್ಠಿ ಆಗುತ್ತದೆ, "ಒಳಗೆ ಹಾಕಿ" ಅಂತ ಮೇಜು ಕುಟ್ಟುತ್ತಾರೆ. ತಮ್ಮವನಾದರೆ ಮಾತ್ರ ಕಾನೂನಿನ ಮೇಲೆ ಎಲ್ಲಿಲ್ಲದ ಗೌರವ. ಅದರಲ್ಲೂ ಆ ತಮ್ಮವನು ಚಿಕ್ಕವನಾಗಿರಬೇಕು. ದೊಡ್ಡವರಿಗೆ ಈ ಮಾತು ಅನ್ವಯಿಸುವುದಿಲ್ಲ ಬಿಡಿ.

ನಮ್ಮ ಕಡೆ ಒಬ್ಬರಿದ್ದಾರೆ. ಊರಲ್ಲಿ ಎಲ್ಲರೂ ಅವರನ್ನು ಮೆಂಬ್ರು ಅಂತಲೇ ಕರೆಯುತ್ತಾರೆ. ಒಂದು ಅವಧಿಗೆ ಗ್ರಾಮ ಪಂಚಾಯ್ತಿ ಮೆಂಬರ್ ಆಗಿದ್ದರು. ಅವಧಿ ಮುಗಿದು ಎಷ್ಟೋ ಕಾಲವಾಯಿತು, ಹೆಸರು ಉಳಿಯಿತು. ಯಾವ ಪಕ್ಷ ಅಂತ ಹೇಳುವುದಿಲ್ಲ. ಹೇಳಿದ ಕೂಡಲೇ ಓದುವವರಲ್ಲಿ ಅರ್ಧ ಜನ "ಅವರದ್ದು ಯಾವಾಗಲೂ ಇದೇ ಕಥೆ" ಅನ್ನುತ್ತಾರೆ, ಇನ್ನರ್ಧ ಜನ ಇಲ್ಲಿಗೇ ಓದುವುದನ್ನು ಬಿಡುತ್ತಾರೆ. ಪಕ್ಷದ ಹೆಸರು ಬದಲಿಸಿದರೂ ಕಥೆಯಲ್ಲಿ ಒಂದಕ್ಷರ ಬದಲಾಗುವುದಿಲ್ಲ.

ಮೆಂಬ್ರು ಮಾಡುವ ಕೆಲಸ ಏನು ಅಂತ ಕೇಳಿದರೆ ಹೇಳುವುದು ಕಷ್ಟ. ವೋಟರ್ ಲಿಸ್ಟಿನಲ್ಲಿ ಯಾರ ಹೆಸರು ಬಿಟ್ಟುಹೋಗಿದೆ ನೋಡುವುದು. ವಿಧವಾ ವೇತನ ನಿಂತುಹೋದವರ ಪಾಸ್‌ಬುಕ್ ಹಿಡಿದುಕೊಂಡು ನಾಡಕಚೇರಿಗೆ ಹೋಗುವುದು. ರಾತ್ರಿ ಹೊತ್ತಲ್ಲಿ ಯಾರನ್ನಾದರೂ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸಾಗಿಸಬೇಕಾದರೆ ಗಾಡಿ ಹೊಂದಿಸುವುದು. ಬಗರ್‌ಹುಕುಂ ಸಾಗುವಳಿದಾರರಿಗೆ, ಅಂದರೆ ಸರ್ಕಾರಿ ಜಮೀನಿನಲ್ಲಿ ಮಂಜೂರಾತಿ ಇಲ್ಲದೆ ಕೃಷಿ ಮಾಡುತ್ತಿರುವವರಿಗೆ, ಅದನ್ನು ಸಕ್ರಮ ಮಾಡಿಸಿಕೊಳ್ಳುವ ಅರ್ಜಿ ತುಂಬಿಕೊಡುವುದು. ಈ ಅರ್ಜಿಯ ವಿಷಯ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮೂನೆ 50, ಆಮೇಲೆ 53, ಆಮೇಲೆ 57. ಅಪ್ಪ 50 ತುಂಬಿದ್ದ, ಮಗ 57 ತುಂಬಿದ. ಜಮೀನು ಅದೇ, ಬೇಲಿ ಅದೇ, ಹಕ್ಕುಪತ್ರ ಮಾತ್ರ ಇನ್ನೂ ಬಂದಿಲ್ಲ. ಇಷ್ಟೆಲ್ಲ ಮಾಡಿದ ಮೇಲೆ ಚುನಾವಣೆ ದಿನ ಬೂತಿನಲ್ಲಿ ಏಜೆಂಟಾಗಿ ಬೆಳಗ್ಗೆಯಿಂದ ಸಂಜೆವರೆಗೆ ಕೂರುವುದು ಬೇರೆ.

ಮಳೆಗಾಲಕ್ಕೆ ಮುಂಚೆ ಒಂದು ದಿನ ಅರಣ್ಯ ಇಲಾಖೆಯವರು ಜೆಸಿಬಿ ತಂದರು. ಒಬ್ಬ ಹೆಂಗಸು ಗಂಡ ಸತ್ತ ಮೇಲೆ ಒಂದೂವರೆ ಎಕರೆಯಲ್ಲಿ ಅಡಿಕೆ ಸಸಿ ಹಾಕಿಕೊಂಡಿದ್ದರು. ಅದರ ನಡುವೆ ಅಗಳ, ಅಂದರೆ ಕಂದಕ, ಹೊಡೆಯಬೇಕು ಅಂತ ಇಲಾಖೆಯವರು ಹೊರಟಿದ್ದರು. ಆಕೆ ಫೋನ್ ಮಾಡಿದ್ದು ಮೆಂಬ್ರಿಗೆ. ಇವರು ಬೈಕಿನಲ್ಲಿ ಹೋದರು, ಜೆಸಿಬಿ ಮುಂದೆ ನಿಂತರು, "ಅರ್ಜಿ ಬಾಕಿ ಇದೆ, ತೀರ್ಮಾನ ಆಗುವವರೆಗೆ ಮುಟ್ಟಬೇಡಿ" ಅಂದರು. ಮಾತಿಗೆ ಮಾತು ಬೆಳೆಯಿತು. ಯಾರೂ ಯಾರಿಗೂ ಹೊಡೆಯಲಿಲ್ಲ. ಸಂಜೆಗೆ ಠಾಣೆಯಲ್ಲಿ ಎಫ್‌ಐಆರ್ ಆಯಿತು. ಸರ್ಕಾರಿ ನೌಕರರ ಕರ್ತವ್ಯಕ್ಕೆ ಅಡ್ಡಿ, ಬಲಪ್ರಯೋಗ. ಅದೇ ತಿಂಗಳು ನಮ್ಮ ಹೋಬಳಿಯ ಸಭೆಯಲ್ಲಿ ಆ ಪಕ್ಷದ ನಾಯಕರು ಮೈಕ್ ಹಿಡಿದು, "ನಿಮ್ಮ ಒಂದು ಗಿಡ ಮುಟ್ಟಬೇಕಾದರೂ ಮೊದಲು ನನ್ನನ್ನು ದಾಟಿ ಹೋಗಬೇಕು" ಅಂದಿದ್ದರು. ಆ ಸಭೆಗೆ ಕುರ್ಚಿ ಹಾಕಿಸಿದ್ದು ಮೆಂಬ್ರೇ.

ನಾಯಕರ ಫೋನ್ ಎರಡು ದಿನ ಸ್ವಿಚ್ ಆಫ್. ಮೂರನೇ ದಿನ ಪಿಎ ಸಿಕ್ಕಿದ. "ಸಾಹೇಬ್ರು ಬೆಂಗಳೂರಲ್ಲಿದ್ದಾರೆ, ವಿಷಯ ಗೊತ್ತಾಗಿದೆ, ಸ್ವಲ್ಪ ತಣ್ಣಗಾಗಲಿ ಅಂದಿದ್ದಾರೆ." ಪತ್ರಕರ್ತರು ಕೇಳಿದಾಗ ಬಂದದ್ದು ಮೇಲೆ ಹೇಳಿದ ಆ ವಾಕ್ಯ.

ಇಲ್ಲಿಂದ ಮುಂದಿನದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಕೋರ್ಟ್ ಜಾಮೀನು ಕೊಟ್ಟಿತು, ಆದರೆ ಜಾಮೀನುದಾರ ಬೇಕು. ಜಾಮೀನುದಾರ ಅಂದರೆ ಅವನ ಹೆಸರಲ್ಲಿ ಪಹಣಿ, ಅಂದರೆ ಜಮೀನಿನ ಸರ್ಕಾರಿ ದಾಖಲೆ, ಇರಬೇಕು. ಮೆಂಬ್ರ ಜೊತೆ ಬಂದ ಹತ್ತು ಹನ್ನೆರಡು ಜನರೂ ಒಳ್ಳೆಯ ಕೃಷಿಕರೇ, ಎಲ್ಲರದ್ದೂ ತೋಟ ಗದ್ದೆ ಇದೆ. ಆದರೆ ಒಬ್ಬರ ಹೆಸರಲ್ಲೂ ಪಹಣಿ ಇಲ್ಲ. ಕೆಲವರದ್ದು ಬಗರ್‌ಹುಕುಂ, ಕೆಲವರದ್ದು ಅಜ್ಜನ ಹೆಸರಲ್ಲೇ ಇದೆ, ಪೌತಿ ಖಾತೆ ಆಗಿಲ್ಲ, ಅಂದರೆ ಸತ್ತವರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾಗಿಲ್ಲ. ಪಹಣಿ ಇಲ್ಲದವರ ಪರ ನಿಂತವನಿಗೆ ಜಾಮೀನು ನಿಲ್ಲಲು ಪಹಣಿ ಇದ್ದವರೇ ಬೇಕು. ಪಕ್ಷದಲ್ಲಿ ಪಹಣಿ ಇದ್ದವರಿಗೇನು ಬರವೇ? ತಾಲೂಕು ಮಟ್ಟದ ಪದಾಧಿಕಾರಿಗಳ ಪಟ್ಟಿ ತೆಗೆದರೆ ಎಕರೆಗಟ್ಟಲೆ ತೋಟದವರು ಸಾಲಾಗಿ ಸಿಗುತ್ತಾರೆ. ಒಬ್ಬರಿಗೆ ಫೋನ್ ಮಾಡಿದರೆ ತಮ್ಮನ ಜೊತೆ ಹಿಸ್ಸೆ ತಕರಾರು ಇದೆ ಅಂದರು. ಇನ್ನೊಬ್ಬರದ್ದು ಬ್ಯಾಂಕ್ ಸಾಲ. ಮತ್ತೊಬ್ಬರು "ಖಂಡಿತ ಬರ್ತೀನಿ ಮಾರಾಯ" ಅಂದವರು ಆಮೇಲೆ ಫೋನ್ ಎತ್ತಲಿಲ್ಲ. ಮಧ್ಯಾಹ್ನದ ಊಟದ ಬಿಡುವು ಮುಗಿಯುವ ಹೊತ್ತಿಗೆ ಪಹಣಿ ಹಿಡಿದುಕೊಂಡು ಬಂದದ್ದು ಮೆಂಬ್ರ ಪಕ್ಕದ ಮನೆಯವರು. ಅವರು ಎದುರು ಪಕ್ಷದವರು. ಎರಡು ಮನೆಗೂ ದನದ ವಿಷಯಕ್ಕೆ ಮಾತು ಬಿಟ್ಟು ವರ್ಷಗಳಾಗಿದ್ದವು. ಸಹಿ ಹಾಕಿದರು, "ನಾಳೆ ವೋಟು ಮಾತ್ರ ಕೇಳಬೇಡ" ಅಂದರು, ಬಸ್ಸಿಗೆ ಹೊರಟರು.

ಪಕ್ಷಗಳು ಹೀಗೆ ಮಾಡುವುದು ಕೆಟ್ಟತನದಿಂದ ಅಂತ ನನಗೆ ಅನ್ನಿಸುವುದಿಲ್ಲ. ಕೆಟ್ಟತನವಾಗಿದ್ದರೆ ಒಳ್ಳೆಯವರು ಬಂದಾಗ ಸರಿಹೋಗಬೇಕಿತ್ತು. ಇದೊಂದು ಲೆಕ್ಕ. ಬಿಟ್ಟು ಹೋಗಬಹುದಾದವನನ್ನು ಪಕ್ಷ ಓಲೈಸುತ್ತದೆ. ಎಲ್ಲಿಗೂ ಹೋಗಲಾರದವನನ್ನು ಮೊದಲು ಬಿಟ್ಟುಕೊಡುತ್ತದೆ. ಹತ್ತು ಜನ ಶಾಸಕರು ಮುನಿಸಿಕೊಂಡರೆ ಸರ್ಕಾರ ಬೀಳುತ್ತದೆ, ಅವರಿಗೆ ರೆಸಾರ್ಟ್. ಮೆಂಬ್ರು ಮುನಿಸಿಕೊಂಡರೆ ಒಂದು ಬೂತಿನಲ್ಲಿ ಕುರ್ಚಿ ಖಾಲಿ, ಅಷ್ಟೇ. ಅದೂ ಖಾಲಿಯಾಗುವುದಿಲ್ಲ ಅಂತ ಮೇಲಿನವರಿಗೆ ಗೊತ್ತು.

ನಮ್ಮ ವ್ಯವಸ್ಥೆಯೂ ಇದಕ್ಕೆ ಅನುಕೂಲವಾಗಿಯೇ ಇದೆ. ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯುವುದಿಲ್ಲ. ಊರಿನ ಜಗಳಕ್ಕೆ ಪಕ್ಷ ಬರಬಾರದು ಅನ್ನುವುದು ಅದರ ಹಿಂದಿನ ಆಸೆ. ಪಕ್ಷ ಬಂದೇ ಬಂದಿದೆ, ಜವಾಬ್ದಾರಿ ಮಾತ್ರ ಬಂದಿಲ್ಲ. ಗೆದ್ದರೆ "ನಮ್ಮ ಬೆಂಬಲಿತ ಅಭ್ಯರ್ಥಿ" ಅಂತ ಹಾರ ಹಾಕುತ್ತಾರೆ. ಕೇಸಾದರೆ "ಅವರು ಅಧಿಕೃತವಾಗಿ ನಮ್ಮ ಪಕ್ಷದವರಲ್ಲ" ಅನ್ನುತ್ತಾರೆ. ಎರಡೂ ಸುಳ್ಳಲ್ಲ! ಚಿಹ್ನೆ ಮೇಲೆ ನಡೆಯುವುದು ತಾಲೂಕು ಮತ್ತು ಜಿಲ್ಲಾ ಪಂಚಾಯ್ತಿ ಚುನಾವಣೆ. ಕೆಳಗಿನ ಕಾರ್ಯಕರ್ತ ಒಂದು ಮೆಟ್ಟಿಲು ಹತ್ತಬೇಕಾದರೆ ಇರುವ ದಾರಿ ಅದೇ. ಅವುಗಳ ಅವಧಿ 2021ರಲ್ಲಿ ಮುಗಿಯಿತು. ಐದು ವರ್ಷಕ್ಕೊಮ್ಮೆ ಚುನಾವಣೆ ನಡೆಯಲೇಬೇಕು ಅಂತ ಸಂವಿಧಾನ ಹೇಳಿದರೂ ವರ್ಷಗಟ್ಟಲೆ ನಡೆಸಲಿಲ್ಲ. ಕ್ಷೇತ್ರ ಪುನರ್ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಒಂದಾದ ಮೇಲೊಂದು ಕಾರಣ. ನಡುವೆ ರಾಜ್ಯದಲ್ಲಿ ಸರ್ಕಾರವೇ ಬದಲಾಯಿತು, ಆ ವಿಷಯದಲ್ಲಿ ಮಾತ್ರ ಏನೂ ಬದಲಾಗಲಿಲ್ಲ. ತಮ್ಮದೇ ಕಾರ್ಯಕರ್ತರ ಏಣಿ ಕಿತ್ತಿಟ್ಟುಕೊಂಡು ಕೂತದ್ದರಲ್ಲಿ ಎಲ್ಲರದ್ದೂ ಒಮ್ಮತ.

ಇದು ನಮ್ಮ ದೇಶದ ಹಣೆಬರಹ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಅಕಾರ್ನ್ ಅಂತ ಒಂದು ಸಂಘಟನೆ ಇತ್ತು. 1970ರಲ್ಲಿ ಅರ್ಕಾನ್ಸಾ ರಾಜ್ಯದಲ್ಲಿ ಹುಟ್ಟಿದ್ದು. ಬಡವರ ಕೇರಿಗಳಲ್ಲಿ ಮನೆ ಸಾಲ, ಬಾಡಿಗೆ, ಕನಿಷ್ಠ ಕೂಲಿ ಇಂಥ ವಿಷಯ ಹಿಡಿದು ಕೆಲಸ ಮಾಡುತ್ತಿತ್ತು. ಜೊತೆಗೆ ಮತದಾರರ ಪಟ್ಟಿಗೆ ಹೆಸರು ಸೇರಿಸುವುದು. ಹೀಗೆ ಸೇರಿದ ಬಡವರ, ಕಪ್ಪು ಜನರ ವೋಟು ಹೆಚ್ಚಾಗಿ ಬೀಳುತ್ತಿದ್ದದ್ದು ಡೆಮಾಕ್ರಟಿಕ್ ಪಕ್ಷಕ್ಕೆ. 1995ರಲ್ಲಿ ಮತದಾರರ ನೋಂದಣಿ ಕಾನೂನು ಜಾರಿ ಮಾಡಿ ಅಂತ ಇಲಿನಾಯ್ ರಾಜ್ಯದ ಮೇಲೆ ಅಕಾರ್ನ್ ಹೂಡಿದ ದಾವೆಯಲ್ಲಿ ಅದರ ಪರ ನಿಂತ ವಕೀಲರಲ್ಲಿ ಒಬ್ಬ ಯುವಕ ಬರಾಕ್ ಒಬಾಮ.

2008ರ ಅಧ್ಯಕ್ಷ ಚುನಾವಣೆಯಲ್ಲಿ ಒಬಾಮರ ಎದುರಾಳಿ, ರಿಪಬ್ಲಿಕನ್ ಪಕ್ಷದ ಮೆಕೇನ್ ಟಿವಿ ಚರ್ಚೆಯಲ್ಲೇ ಅಕಾರ್ನ್ ಹೆಸರು ಎತ್ತಿ, ಇವರು ಭಾರೀ ಚುನಾವಣಾ ವಂಚನೆ ಮಾಡಲು ಹೊರಟಿದ್ದಾರೆ ಅಂದರು. ಕೆಲವು ನೌಕರರು ಕೂಲಿ ಆಸೆಗೆ ಸುಳ್ಳು ಹೆಸರು ತುಂಬಿದ್ದು ನಿಜ. ಆದರೆ ಅಲ್ಲಿನ ಬಹಳ ರಾಜ್ಯಗಳಲ್ಲಿ, ತುಂಬಿಸಿಕೊಂಡ ಅರ್ಜಿ ಅನುಮಾನಾಸ್ಪದ ಅಂತ ಗೊತ್ತಿದ್ದರೂ ಕಚೇರಿಗೆ ಕೊಡಲೇಬೇಕು, ಹರಿದು ಬಿಸಾಡುವ ಹಾಗಿಲ್ಲ. ಅರ್ಜಿಯಲ್ಲಿ ಸುಳ್ಳು ಹೆಸರು ಬರೆದ ಮಾತ್ರಕ್ಕೆ ಆ ಹೆಸರಿನವರು ಬಂದು ವೋಟು ಹಾಕುವುದೂ ಇಲ್ಲ. ನಮ್ಮಲ್ಲಿ ಬೂತ್ ಏಜೆಂಟರಿಗೆ ಇದು ಚೆನ್ನಾಗಿ ಗೊತ್ತು. ಟಿವಿಗೆ ಇಷ್ಟು ಬಿಡಿಸಿ ಹೇಳುವ ಪುರುಸೊತ್ತು ಎಲ್ಲಿ? ಅಕಾರ್ನ್ ಏನೂ ಸತ್ಯಹರಿಶ್ಚಂದ್ರ ಆಗಿರಲಿಲ್ಲ. ಸ್ಥಾಪಕರ ಸಹೋದರನೇ ಹತ್ತಿರ ಹತ್ತಿರ ಹತ್ತು ಲಕ್ಷ ಡಾಲರ್ ನುಂಗಿದ್ದನ್ನು ಒಳಗಿನವರು ವರ್ಷಗಟ್ಟಲೆ ಮುಚ್ಚಿಟ್ಟಿದ್ದರು. 2008ರಲ್ಲಿ ಅದು ಹೊರಬಂತು. ಅಂಥ ಕೊಳೆ ಇದ್ದಾಗ ಶತ್ರುವಿಗೆ ಕೆಲಸ ಸುಲಭ.

2009ರ ಸೆಪ್ಟೆಂಬರಿನಲ್ಲಿ ಗುಪ್ತ ಕ್ಯಾಮೆರಾ ಬಂತು. ಇಬ್ಬರು ಯುವಜನ ಅಕಾರ್ನ್ ಕಚೇರಿಗಳಿಗೆ ಹೋಗಿ, ವೇಶ್ಯಾವಾಟಿಕೆ ನಡೆಸಲು ಸಲಹೆ ಕೇಳುವವರ ಹಾಗೆ ನಟಿಸಿ ಚಿತ್ರ ತೆಗೆದರು. ಕತ್ತರಿಸಿ ಅಂಟಿಸಿದ ವಿಡಿಯೊ ಟಿವಿಯಲ್ಲಿ ಹಗಲೂ ರಾತ್ರಿ ಓಡಿತು. ಆಗ ಅಮೆರಿಕದ ಸಂಸತ್ತಿನ ಎರಡೂ ಸದನದಲ್ಲಿ ಬಹುಮತ ಡೆಮಾಕ್ರಟರದ್ದು. ಶ್ವೇತಭವನದಲ್ಲಿ ಅದೇ ಹಳೆಯ ವಕೀಲರು. ಆದರೂ ಅಕಾರ್ನ್‌ಗೆ ಸರ್ಕಾರದ ಹಣ ನಿಲ್ಲಿಸಬೇಕು ಅಂತ ಸೆನೆಟ್ 83–7ರಲ್ಲಿ ತೀರ್ಮಾನಿಸಿತು. ಮೂರು ದಿನ ಬಿಟ್ಟು ಕೆಳಮನೆಯಲ್ಲಿ 345–75. ಬೇಡ ಅಂದ ಆ 75 ಜನರೂ ಡೆಮಾಕ್ರಟರೇ. ಆದರೆ ಅವರ ಎರಡರಷ್ಟಕ್ಕಿಂತ ಜಾಸ್ತಿ ಡೆಮಾಕ್ರಟರು ಹಣ ನಿಲ್ಲಿಸಿ ಅಂತ ಕೈ ಎತ್ತಿದ್ದರು. ತನಿಖೆ ಇನ್ನೂ ಮುಗಿದೇ ಇರಲಿಲ್ಲ.

ತನಿಖೆ ಮುಗಿದದ್ದು ಆಮೇಲೆ. 2010ರ ಮಾರ್ಚಿನಲ್ಲಿ ಬ್ರೂಕ್ಲಿನ್‌ನ ಸರ್ಕಾರಿ ವಕೀಲರು ಅಲ್ಲಿನ ನೌಕರರು ಅಪರಾಧ ಮಾಡಿಲ್ಲ ಅಂದರು. ಏಪ್ರಿಲಿನಲ್ಲಿ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್, ವಿಡಿಯೊಗಳನ್ನು ಸಿಕ್ಕಾಪಟ್ಟೆ ಕತ್ತರಿಸಲಾಗಿದೆ ಅಂತ ವರದಿ ಕೊಟ್ಟರು. ಸ್ಯಾನ್ ಡಿಯಾಗೋ ಕಡೆಯ ಕಚೇರಿಯ ನೌಕರನೊಬ್ಬನ ಕಥೆ ಇದರಲ್ಲಿ ಬರುತ್ತದೆ. ಆತ ಬಂದವರ ಮಾತು ಕೇಳಿಸಿಕೊಂಡು, ಆಮೇಲೆ ಪೊಲೀಸ್ ಇಲಾಖೆಯಲ್ಲಿದ್ದ ತನ್ನ ಸಂಬಂಧಿಗೆ ಫೋನ್ ಮಾಡಿ ವಿಷಯ ತಿಳಿಸಿದ್ದ. ಅಂದರೆ ಮಾಡಬೇಕಾದ್ದನ್ನೇ ಮಾಡಿದ್ದ. ಅವನನ್ನೂ ಕೆಲಸದಿಂದ ತೆಗೆದರು, ತೆಗೆದದ್ದು ಅವನದೇ ಸಂಘಟನೆ! ಪಕ್ಷ ಸಂಘಟನೆಯನ್ನು ಬಿಟ್ಟುಕೊಟ್ಟಿತು, ಸಂಘಟನೆ ನೌಕರನನ್ನು ಬಿಟ್ಟುಕೊಟ್ಟಿತು. ಮುಂದೆ ಆತ ದಾವೆ ಹೂಡಿದ. 2013ರಲ್ಲಿ ವಿಡಿಯೊ ಮಾಡಿದವನು ಒಂದು ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡ. ಆದರೆ ಅಷ್ಟು ಹೊತ್ತಿಗೆ ಅಕಾರ್ನ್ ಎಲ್ಲಿತ್ತು? 2010ರ ನವೆಂಬರ್ 2ರಂದು ದಿವಾಳಿ ಅರ್ಜಿ ಹಾಕಿ ಬಾಗಿಲು ಮುಚ್ಚಿತ್ತು. ಅವತ್ತೇ ಅಲ್ಲಿ ಸಂಸತ್ ಚುನಾವಣೆ. ಡೆಮಾಕ್ರಟರು ಕೆಳಮನೆಯಲ್ಲಿ ಬಹುಮತ ಕಳೆದುಕೊಂಡರು. ಅಕಾರ್ನ್ ಇಲ್ಲದ್ದಕ್ಕೇ ಸೋತರು ಅಂತ ನಾನು ಹೇಳುವುದಿಲ್ಲ, ಅದು ಜಾಸ್ತಿಯಾಯಿತು. ಬಿಟ್ಟುಕೊಟ್ಟದ್ದರಿಂದ ಅವರು ಉಳಿಯಲಿಲ್ಲ ಅನ್ನುವುದಂತೂ ಹೌದು.

ಅದೇ ವರ್ಷ ಜುಲೈಯಲ್ಲಿ ಶರ್ಲಿ ಶೆರಾಡ್ ಎಂಬ ಕೃಷಿ ಇಲಾಖೆಯ ಅಧಿಕಾರಿಗೂ ಹೀಗೇ ಆಯಿತು. ಕತ್ತರಿಸಿದ ವಿಡಿಯೊ ತುಣುಕು ನೋಡಿ ಸರ್ಕಾರ ಗಡಿಬಿಡಿಯಲ್ಲಿ ರಾಜೀನಾಮೆ ಬರೆಸಿಕೊಂಡಿತು. ಪೂರ್ತಿ ಭಾಷಣ ಕೇಳಿದರೆ ಅರ್ಥ ತಿರುವುಮುರುವು. ಆಮೇಲೆ ಕ್ಷಮೆ ಕೇಳಿದರು, ಬೇರೆ ಕೆಲಸ ಕೊಡುತ್ತೇವೆ ಅಂದರು, ಆಕೆ ಬೇಡ ಅಂದರು.

ಪಕ್ಷ ತನ್ನವರ ಜೊತೆ ನಿಂತದ್ದೇ ಇಲ್ಲವಾ? ಇದೆ. ಅದಕ್ಕೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ, ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಒಂದಿಷ್ಟು ದೂರ ಕಾಗೋಡಿಗೆ ಹೋದರೆ ಸಾಕು. 1951ರ ಏಪ್ರಿಲಿನಲ್ಲಿ ಅಲ್ಲಿ ಗೇಣಿದಾರರ ಸತ್ಯಾಗ್ರಹ ಶುರುವಾಯಿತು. ಗೇಣಿದಾರರು ಬಹುಪಾಲು ದೀವರ ಸಮುದಾಯದವರು. ಗೇಣಿ ಅಳೆಯುವ ಕೊಳಗ ನಿಗದಿಗಿಂತ ದೊಡ್ಡದು ಅನ್ನುವುದು ಅವರ ತಕರಾರು. ಕೊಳಗ ಪ್ರಶ್ನೆ ಮಾಡಿದವರನ್ನು ಒಡೆಯರು ಗದ್ದೆಯಿಂದ ಹೊರಗೆ ಹಾಕಿದರು. ಇವರು ನೇಗಿಲು ಹಿಡಿದು ತಂಡ ತಂಡವಾಗಿ ಗದ್ದೆಗೆ ಇಳಿಯುವುದು, ಪೊಲೀಸರು ಹಿಡಿದುಕೊಂಡು ಹೋಗುವುದು, ಮರುದಿನ ಮತ್ತೊಂದು ತಂಡ. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿದ್ದರು. ಆಗ ಮೈಸೂರು ರಾಜ್ಯದಲ್ಲಿ ಇದ್ದದ್ದು ಕಾಂಗ್ರೆಸ್ ಸರ್ಕಾರ. ಸ್ವಾತಂತ್ರ್ಯಕ್ಕಾಗಿ ಇದೇ ಹಳ್ಳಿಗರನ್ನು ಬೀದಿಗೆ ಕರೆದಿದ್ದ ಪಕ್ಷ ಈಗ ಒಡೆಯರ ಮರ್ಜಿ ನೋಡುತ್ತಿತ್ತು. ಸಮಾಜವಾದಿ ಪಕ್ಷ ಗೇಣಿದಾರರ ಜೊತೆ ನಿಂತಿತು. ಶಾಂತವೇರಿ ಗೋಪಾಲಗೌಡರು ನಿಂತರು. ಜೂನಿನಲ್ಲಿ ರಾಮಮನೋಹರ ಲೋಹಿಯಾ ಸ್ವತಃ ಬಂದರು, ಸಾಗರದ ರೈಲು ನಿಲ್ದಾಣದಲ್ಲಿ ಬಂಧನಕ್ಕೂ ಒಳಗಾದರು. ಉತ್ತರ ಪ್ರದೇಶದ ನಾಯಕ, ಭಾಷೆ ಬಾರದ ಊರು, ಜೋರು ಮಳೆಯ ಕಾಲ. ಬೆಂಗಳೂರಿನಲ್ಲಿ ಕೂತು ಒಂದು ಹೇಳಿಕೆ ಕೊಟ್ಟಿದ್ದರೂ ಯಾರೂ ಕೇಳುತ್ತಿರಲಿಲ್ಲ.

ಮರುವರ್ಷ ಮೊದಲ ಚುನಾವಣೆಯಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ಗೋಪಾಲಗೌಡರು ಗೆದ್ದರು. ಆದರೆ ರಾಜ್ಯದಲ್ಲಿ ಅಧಿಕಾರ ಬಂದದ್ದು ಮತ್ತೆ ಕಾಂಗ್ರೆಸ್ಸಿಗೆ. ಸಮಾಜವಾದಿ ಪಕ್ಷ ಒಡೆಯಿತು, ಸೇರಿತು, ಮತ್ತೆ ಒಡೆಯಿತು. "ಉಳುವವನೇ ಹೊಲದೊಡೆಯ" ನಿಜವಾಗಿ ಜಾರಿಗೆ ಬಂದದ್ದು 1974ರಲ್ಲಿ, ದೇವರಾಜ ಅರಸು ಕಾಲದಲ್ಲಿ, ಅದೇ ಕಾಂಗ್ರೆಸ್ಸಿನಿಂದ. ಗೋಪಾಲಗೌಡರು ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು. ಜೊತೆಗೆ ನಿಂತವರಿಗೆ ಅಧಿಕಾರ ಸಿಗಲಿಲ್ಲ, ಅಧಿಕಾರ ಇದ್ದವರು ಜೊತೆಗೆ ನಿಂತಿರಲಿಲ್ಲ. ಇವತ್ತಿನ ತಾಲೂಕು ಅಧ್ಯಕ್ಷರಿಗೆ ಕಾಗೋಡಿನ ಕಥೆ ಹೇಳಿದರೆ ಅವರು ಇದನ್ನೇ ಎತ್ತಿ ತೋರಿಸುತ್ತಾರೆ: "ನೋಡಿ, ನಿಂತು ಏನು ಸಿಕ್ಕಿತು?" ನನ್ನ ಲೆಕ್ಕ ಬೇರೆ. ಮುಂದೆ ಮುಖ್ಯಮಂತ್ರಿಯಾದ ಬಂಗಾರಪ್ಪ, ಸಚಿವರಾದ ಕಾಗೋಡು ತಿಮ್ಮಪ್ಪ ಇಬ್ಬರೂ ರಾಜಕೀಯಕ್ಕೆ ಬಂದದ್ದು ಸಮಾಜವಾದಿಗಳ ಗರಡಿಯಿಂದಲೇ. ಗೇಣಿ ಜಮೀನಿನ ಹಕ್ಕು ಕೇಳುವ ಅರ್ಜಿ ನಮೂನೆ 7 ತುಂಬಿ ಭೂನ್ಯಾಯ ಮಂಡಳಿ ಮುಂದೆ ನಿಲ್ಲುವ ಧೈರ್ಯ ಒಬ್ಬ ಗೇಣಿದಾರನಿಗೆ ಬರಬೇಕಾದರೆ, ಹಿಂದೆ ಯಾರೋ ತನ್ನ ಪರ ಜೈಲಿಗೆ ಹೋದದ್ದು ಅವನಿಗೆ ನೆನಪಿರಬೇಕು. ಕಾನೂನು ವಿಧಾನಸೌಧದಿಂದ ಬಂತು, ಧೈರ್ಯ ಅಲ್ಲಿಂದ ಬರಲಿಲ್ಲ.

ಈಗ ಆ ಧೈರ್ಯ ಎಲ್ಲಿಂದ ತರುವುದು? ಶರಾವತಿ ಸಂತ್ರಸ್ತರ ವಿಷಯವನ್ನೇ ನೋಡಿ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿಗೆ 1960ರ ದಶಕದಲ್ಲಿ ಊರು ಬಿಟ್ಟವರ ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಅವರಿಗಾಗಿ ಅರಣ್ಯಭೂಮಿ ಬಿಡಿಸಿದ ಆದೇಶಗಳಿಗೆ ಕೇಂದ್ರದ ಒಪ್ಪಿಗೆ ಪಡೆದಿರಲಿಲ್ಲ, 2021ರಲ್ಲಿ ಹೈಕೋರ್ಟ್ ತೀರ್ಪು ಬಂದ ಮೇಲೆ ಅವು ರದ್ದಾದವು. ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದವರು ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸಕ್ಕೆ ದಾಖಲೆ ತರಬೇಕು. ದಾಖಲೆ ಇದ್ದಿದ್ದರೆ ಅರ್ಜಿಯೇ ಬೇಕಿರಲಿಲ್ಲ ಅಲ್ವಾ? "ಒಕ್ಕಲೆಬ್ಬಿಸಲು ಬಿಡುವುದಿಲ್ಲ" ಅಂತ ಎಲ್ಲ ಪಕ್ಷದ ಪ್ರಣಾಳಿಕೆಯಲ್ಲೂ ಇರುತ್ತದೆ. ನೋಟಿಸು ಬಂದ ದಿನ ಜನ ಪ್ರಣಾಳಿಕೆ ಹುಡುಕುವುದಿಲ್ಲ, ಮೆಂಬ್ರನ್ನು ಹುಡುಕುತ್ತಾರೆ. ಮನವಿ ಪತ್ರದಲ್ಲಿ ಮೊದಲ ಸಹಿ ಅವರದ್ದೇ ಇರುತ್ತದೆ, ಎಫ್‌ಐಆರ್‌ನಲ್ಲಿ ಮೊದಲ ಹೆಸರೂ ಅವರದ್ದೇ.

ಮೆಂಬ್ರು ಈಗಲೂ ಅದೇ ಪಕ್ಷದಲ್ಲಿದ್ದಾರೆ. ವಾಯಿದೆ ಇದ್ದ ದಿನ ಕೋರ್ಟಿಗೆ ಹೋಗುತ್ತಾರೆ, ಬರುವಾಗ ಪಕ್ಷದ ಕಚೇರಿಗೂ ಹೋಗಿ ಬರುತ್ತಾರೆ. ಒಮ್ಮೆ ಕೇಳಿಯೇಬಿಟ್ಟೆ.

"ಎಂತಕ್ಕೆ ಮೆಂಬ್ರೇ ಇನ್ನೂ ಅಲ್ಲೇ ಇದೀರಿ? ಬಿಟ್ಟು ಬಿಡಬಾರದಾ?"

"ಬಿಟ್ಟರೆ ತಾಲೂಕು ಕಚೇರೀಲಿ ನನಗೆ ಕೂತ್ಕೋ ಅನ್ನೋರು ಯಾರು ಮಾರಾಯ್ರೆ? ನಾನು ನಿಂತೇ ಇರ್ಬೇಕಾದ್ರೆ ಆ ಹೆಂಗಸಿನ ಫೈಲ್ ಕೇಳೋರು ಯಾರು?"

ಹೆಂಡತಿ ಒಳಗಿಂದಲೇ ಹೇಳಿದರು, "ಕೂತ್ಕೋ ಅಂದ್ರೆ ಸಾಕು ಇವರಿಗೆ. ವಕೀಲರ ಫೀಸು ನನ್ನ ಸಂಘದ ಸಾಲದಾಗೆ ಹೋಗ್ತಾ ಉಂಟು."

ಅವರ ಮಾತಿನಲ್ಲೂ ಸತ್ಯ ಇದೆ, ಇವರ ಮಾತಿನಲ್ಲೂ. ಹಾಗಾಗಿ ಪಕ್ಷ ಬಿಡಿ ಅಂತ ನಾನು ಹೇಳಲಿಲ್ಲ, ಪಕ್ಷವನ್ನೇ ಕೇಳಿ ಅಂದೆ. ತಾಲೂಕಿಗೆ ಒಬ್ಬ ವಕೀಲರನ್ನು ಪಕ್ಷವೇ ಇಡಲಿ. ಜನರ ಪರ ನಿಂತು ಕೇಸು ಹಾಕಿಸಿಕೊಂಡವರಿಗೆ ವಾಯಿದೆಯ ಬಸ್ ಖರ್ಚು, ಕೂಲಿ ಕೊಡಲಿ. ಪದಾಧಿಕಾರಿ ಆಗಬೇಕಾದವರು ಮೊದಲು ಒಬ್ಬ ಕಾರ್ಯಕರ್ತನಿಗೆ ಜಾಮೀನು ನಿಲ್ಲಲಿ. ಒಂದು ಬಹಿರಂಗ ಸಭೆಯ ಶಾಮಿಯಾನದ ಖರ್ಚಿನಲ್ಲಿ ಇದರಲ್ಲಿ ಎಷ್ಟೋ ಆಗುತ್ತದೆ.

ಮೆಂಬ್ರು ಅದನ್ನು ಒಂದು ಹಾಳೆಯಲ್ಲಿ ಬರೆದು ಪಕ್ಷದ ತಾಲೂಕು ಸಭೆಗೆ ಕೊಟ್ಟರಂತೆ. ಅಜೆಂಡಾದಲ್ಲಿ "ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು" ಅನ್ನುವುದರ ಕೆಳಗೆ ಸೇರಿಸಿದರಂತೆ. ಅದರ ಸರದಿ ಬರುವ ಹೊತ್ತಿಗೆ ಅಧ್ಯಕ್ಷರು ಯಾವುದೋ ಮದುವೆ ಊಟಕ್ಕೆ ಹೊರಟು ನಿಂತಿದ್ದರು. ಮುಂದಿನ ಸಭೆಗೆ ತಗೊಳ್ಳೋಣ ಅಂದಿದ್ದಾರೆ. ಆ ಸಭೆಗೆ ಜನ ಸೇರಿಸುವ ಜವಾಬ್ದಾರಿ ಮೆಂಬ್ರದ್ದು.